ಹರಕು ಬಟ್ಟೆಯ ಮೇಲೆ ಐದು ನಿಮಿಷ

ಸಭ್ಯವಾದ ಉಡುಪು ಯಾವುದು ಎಂಬ ಪ್ರಶ್ನೆಯನ್ನು ಪಾದ್ರಿಗಳನ್ನು ಕೇಳಬಹುದು, ಅಜ್ಜಿಯರನ್ನು ಕೇಳಬಹುದು, ಬೇಕಿದ್ದರೆ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳಬಹುದು. ಹೊಲಿಯುವವರನ್ನು ಮಾತ್ರ ಕೇಳಬಾರದು. ನಮಗೆ ಅಭಿಪ್ರಾಯವಿಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಅಳತೆ ತೆಗೆಯುವಾಗ ಅದನ್ನು ಬಾಯಲ್ಲಿರುವ ಗುಂಡುಪಿನ್ನುಗಳ ಜೊತೆಗೇ ಹಿಡಿದಿಟ್ಟುಕೊಳ್ಳಬೇಕು. ಯಲ್ಲಾಪುರದಲ್ಲಿ ನಾನು ಹೆಂಗಸರ ಬಟ್ಟೆ ಹೊಲಿಯಲು ಕೂತು ಇಪ್ಪತ್ತು ವರ್ಷ ದಾಟಿತು. ಹೆಗಡೆಯವರ ಮನೆಯ ಸೊಸೆ ರವಿಕೆ ಹೊಲಿಸಲು ಬಂದು, "ಲೂಸಕ್ಕಾ, ಹಿಂದೆ ಇನ್ನೊಂಚೂರು ಇಳಿಸಿದ್ರೆ ಎಂತ ಆಗ್ತು?" ಎಂದು ಮೆಲ್ಲಗೆ ಕೇಳುತ್ತಾಳೆ. ಮರುದಿನ ಅವಳ ಅತ್ತೆ ಒಬ್ಬರೇ ಬಂದು, "ಅದು ಹೇಳ್ದಾಂಗೆ ಹೊಲಿಯಡ ಮಾರಾಯ್ತಿ" ಎಂದು ಅದಕ್ಕಿಂತ ಮೆಲ್ಲಗೆ ಹೇಳಿ ಹೋಗುತ್ತಾರೆ. ನಾನು ಇಬ್ಬರಿಗೂ ಹೂಂ ಅಂದು, ಇಬ್ಬರೂ ಹೇಳಿದ್ದರ ನಡುವೆ ಕತ್ತರಿ ಹಾಕುತ್ತೇನೆ. ಇಷ್ಟು ವರ್ಷದಲ್ಲಿ ಸಭ್ಯತೆಯ ಬಗ್ಗೆ ನಾನು ಕಲಿತದ್ದು ಇಷ್ಟೇ.

ಹೀಗಿರುವಾಗ ನಮ್ಮ ಇಗರ್ಜಿಯ ಪಾದ್ರಿಗಳು ಒಂದು ದಿನ ಅಂಗಡಿಗೇ ಬಂದರು. ಅವರು ಹಾವೇರಿ ಕಡೆಯವರು, ಬಂದು ಒಂದು ವರ್ಷವಾಗಿರಬಹುದು. ಅಂಗಿಯ ಗುಂಡಿ ಹಚ್ಚಿಸಲು ಬಂದಿರಬೇಕೆಂದು ನಾನು ಸೂಜಿ ಕೈಗೆ ತೆಗೆದುಕೊಂಡೆ. ಅವರು ಸ್ಟೂಲಿನ ಮೇಲೆ ಕೂತು, ಸ್ವಲ್ಪ ಮುಜುಗರದಿಂದ, "ಲೂಸಿ ಬಾಯಾರ, ನಮ್ಮ ಮಂದಿ ಪೂಜೆಗೆ ಹಾಕ್ಕೊಂಡು ಬರೋ ಬಟ್ಟಿ ನೋಡೀರಲ್ಲ? ಬರೋ ಆದಿತ್ಯವಾರ ಅದರ ಬಗ್ಗೆ ಐದು ನಿಮಿಷ ನೀವು ಮಾತಾಡ್ರಿ" ಎಂದರು.

"ನಾನೆಂತ ಹೇಳೋದು ಫಾದರ್? ನೀವು ಹೇಳಿದ್ರೆ ಆಗೋದಿಲ್ವ?"

"ನಾ ಹೇಳಿದ್ರ, ಈ ಫಾದರ್ ಪೂಜಿ ಬಿಟ್ಟು ಎಲ್ಲಿ ನೋಡಾಕತ್ತಿದ್ರು ಅಂತಾರ್ರೀ. ನೀವು ಹೊಲಿಯೋರು. ನಿಮ್ಮ ಮಾತಿಗೆ ತೂಕ ಇರ್ತದ."

ಇಗರ್ಜಿಯಲ್ಲಿ ಅವರ ಕಣ್ಣಿಗೆ ಬಿದ್ದ, ಇಳಿಸಿ ಹೊಲಿದ ಬೆನ್ನುಗಳಲ್ಲಿ ಮುಕ್ಕಾಲು ಪಾಲು ನನ್ನ ಕತ್ತರಿಯಿಂದಲೇ ಬಂದವು ಎಂಬುದು ಪಾಪ ಅವರಿಗೆ ತಿಳಿದಿರಲಿಲ್ಲ. ಆಗಲೇ ಹೇಳಿಬಿಡಬೇಕಿತ್ತು. ಆದರೆ 'ನಿಮ್ಮ ಮಾತಿಗೆ ತೂಕ ಇರ್ತದ' ಎಂದು ಜೀವಮಾನದಲ್ಲಿ ಯಾರೂ ನನಗೆ ಹೇಳಿದ್ದಿಲ್ಲ. ಮನೆಯಲ್ಲಂತೂ ಇಲ್ಲವೇ ಇಲ್ಲ. ಒಪ್ಪಿಕೊಂಡೆ.

ಆ ವಾರವಿಡೀ ಮಶಿನ್ ತುಳಿಯುತ್ತಲೇ ಭಾಷಣ ಕಟ್ಟಿದೆ. ಪಕ್ಕದ ಬಟ್ಟೆ ಅಂಗಡಿಯ ಖಾದರ್ ಸಾಬರು ಲೈನಿಂಗ್ ಬಟ್ಟೆ ಕೊಡಲು ಬಂದವರು ನಿಂತು ಪೂರ್ತಿ ಕೇಳಿ, "ಚೆನ್ನಾಗಿದೆ ಭಾಬಿ. ನಮ್ಮ ಮೌಲಾನಾ ಹೇಳೋದೂ ಇದೇನೇ. ಆದ್ರೆ ನಮ್ಮ ಮನೇಲಿ ಅವರ ಮಾತಿಗಿಂತ ನಿಮ್ಮ ಅಳತೆ ಟೇಪಿನ ಮಾತೇ ನಡೀತದೆ" ಎಂದರು. ಅದನ್ನೂ ನಾನು ಹೊಗಳಿಕೆ ಎಂದೇ ಲೆಕ್ಕ ಹಾಕಿದೆ.

ನಿಜ ಹೇಳಬೇಕೆಂದರೆ ನನ್ನ ಭಾಷಣದ ಗುರಿ ಊರಲ್ಲ, ನನ್ನ ಮಗಳು ಶರ್ಲಿ. ಕಾಲೇಜಿಗೆ ಹೋಗುವ ಅವಳ ಹತ್ತಿರ ಎರಡೂ ಮಂಡಿ ಹರಿದ ಒಂದು ಜೀನ್ಸ್ ಪ್ಯಾಂಟಿದೆ. ಹೊಸದಾಗಿ ಕೊಳ್ಳುವಾಗಲೇ ಹರಿದಿತ್ತಂತೆ. ಹೊಲಿಯುವವಳ ಮಗಳು ಹರಕು ಹಾಕಿಕೊಂಡು ಇಗರ್ಜಿಗೆ ಬಂದರೆ ಜನ ನನ್ನ ಬಗ್ಗೆ ಏನಂದುಕೊಳ್ಳಬೇಡ? ಒಮ್ಮೆ ಅವಳು ಸ್ನಾನಕ್ಕೆ ಹೋದಾಗ ಎರಡೂ ಮಂಡಿಗೆ ಅಚ್ಚುಕಟ್ಟಾಗಿ ಒಳಗಿನಿಂದ ತೇಪೆ ಹಾಕಿಟ್ಟಿದ್ದೆ. ಹೊಲಿಗೆ ಎಲ್ಲಿದೆಯೆಂದು ಹುಡುಕಿದರೂ ಸಿಗಬಾರದು, ಅಂಥ ಕೆಲಸ. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ನನ್ನದೇ ಕತ್ತರಿ ತೆಗೆದುಕೊಂಡು ಹೋಗಿ ಎರಡೂ ತೇಪೆ ಬಿಚ್ಚಿದಳು.

ಆದಿತ್ಯವಾರ ಪೂಜೆ ಮುಗಿಯುವ ಮುಂಚೆ ಪಾದ್ರಿಗಳು ನನ್ನನ್ನು ಕರೆದರು. ಮೈಕಿನ ಮುಂದೆ ನಿಂತೆ. ಭುಜ ಮುಚ್ಚಿರಲಿ, ಮೊಣಕಾಲೂರುವಾಗ ಹಿಂದಿನವರಿಗೆ ಕಸಿವಿಸಿಯಾಗುವಂಥದ್ದು ಬೇಡ, ಗಂಡಸರೂ ಬರ್ಮುಡಾ ಚಡ್ಡಿಯಲ್ಲಿ ಬರಬೇಡಿ, ನಮ್ಮ ಬಟ್ಟೆ ನೋಡಿ ಬೇರೆಯವರು ಪ್ರಾರ್ಥನೆ ಮರೆಯಬಾರದು ಎಂದೆಲ್ಲ ಹೇಳಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಯಾರಿಗೂ ಏನೂ ತೊಂದರೆಯಿರಲಿಲ್ಲ. ಆದರೆ ಮೂರನೆಯ ಸಾಲಿನಲ್ಲಿ ಶರ್ಲಿ ಕೂತಿದ್ದಳು, ಅದೇ ಪ್ಯಾಂಟಿನಲ್ಲಿ. ನನಗೆ ಎಲ್ಲಿಲ್ಲದ ಆವೇಶ ಬಂತು. "ದೊಡ್ಡವರ ಮನೆಗೆ ಹೋಗುವಾಗ ಹರಕು ಬಟ್ಟೆ ಹಾಕಿಕೊಂಡು ಹೋಗುತ್ತೀರಾ? ಹಾಗಾದರೆ ದೇವರ ಮನೆಗೆ ಮಾತ್ರ ಯಾಕೆ? ಹರಕು ಬಟ್ಟೆಯಲ್ಲಿ ಬರುವುದಕ್ಕಿಂತ ಮನೆಯಲ್ಲಿರುವುದೇ ಮೇಲು!" ಎಂದು ಮುಗಿಸಿದೆ. ಚಪ್ಪಾಳೆ ಕೂಡ ಬಿತ್ತು. ಹೊರಗೆ ನಾಲ್ಕೈದು ಮಂದಿ ಕೈ ಹಿಡಿದು ಚೆನ್ನಾಗಿ ಹೇಳಿದಿರಿ ಎಂದರು. ಅವರಲ್ಲಿ ಇಬ್ಬರ ಬೆನ್ನನ್ನು ಇಳಿಸಿದವಳು ನಾನೇ.

ಮುಂದಿನ ಆದಿತ್ಯವಾರ ನನ್ನ ಭಾಷಣದ ಪರಿಣಾಮ ನೋಡಲು ಸ್ವಲ್ಪ ಬೇಗನೇ ಹೋದೆ. ಬೆನ್ನುಗಳು ಇದ್ದಲ್ಲೇ ಇದ್ದವು. ಶರ್ಲಿ ಪ್ಯಾಂಟಿನ ಮೇಲೆ ಉದ್ದದ ಕುರ್ತಾ ಹಾಕಿದ್ದಳು. ಕೂತಾಗ ಮಾತ್ರ ಮಂಡಿ ಕಾಣುತ್ತಿತ್ತು. ಆಗಲಿ, ಇದೂ ಒಂದು ಗೆಲುವೇ ಎಂದುಕೊಂಡೆ.

ಭಾಷಣವಾಗಿ ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಪಾದ್ರಿಗಳು ಅಂಗಡಿಗೆ ಬಂದು ಕೇಳಿದರು: "ಜುಲಿಯಾನ ಬಾಯಿಯವರು ಪೂಜಿಗೆ ಕಾಣವಲ್ರು. ಆರಾಮಿಲ್ಲೇನು? ಆದ್ರ ಶನಿವಾರ ಬಂದು ಕಸ ಹೊಡದು ಹೋಗ್ಯಾರ. ನಂಗೇನೂ ತಿಳೀವಲ್ದು."

ಜುಲಿಯಾನ ಬಾಯಿ ಮಾಗೋಡು ರಸ್ತೆಯ ಕಡೆ ಒಬ್ಬರೇ ಇರುವ ಹಿರಿಯ ಹೆಂಗಸು. ಶುಂಠಿ ಗದ್ದೆಯ ಕೆಲಸಕ್ಕೆ ಹೋಗುತ್ತಾರೆ. ಯಾರೂ ಹೇಳದಿದ್ದರೂ ಪ್ರತಿ ಶನಿವಾರ ಬಂದು ಇಗರ್ಜಿ ಗುಡಿಸಿ, ಬಾಗಿಲ ಬಳಿಯ ತೀರ್ಥದ ಬಟ್ಟಲು ತಿಕ್ಕಿ ತೊಳೆದು ಹೋಗುವುದು ಅವರ ಪದ್ಧತಿ. ಆದಿತ್ಯವಾರದ ಪೂಜೆ ತಪ್ಪಿಸಿದ್ದನ್ನು ನಾನಂತೂ ಕಂಡಿರಲಿಲ್ಲ. ಮೂರು ವಾರ ಅವರ ಜಾಗ ಖಾಲಿಯಿದ್ದದ್ದನ್ನೂ ನಾನು ಕಂಡಿರಲಿಲ್ಲ. ಎಲ್ಲರ ಉಡುಪು ನೋಡುತ್ತಿದ್ದೆನಲ್ಲ, ಜನರನ್ನು ನೋಡಲು ಪುರುಸೊತ್ತಿರಲಿಲ್ಲ.

ಮಧ್ಯಾಹ್ನ ಅಂಗಡಿ ಮುಚ್ಚಿ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ನನ್ನನ್ನು ಕಂಡದ್ದೇ ಸೆರಗನ್ನು ಎಳೆದು ಎರಡೂ ಭುಜ ಮುಚ್ಚಿಕೊಂಡರು.

"ಪೂಜೆಗೆ ಯಾಕೆ ಬರ್ತಾ ಇಲ್ಲ ಬಾಯಿ?" ಎಂದೆ.

"ನೀವೇ ಹೇಳಿದ್ರಲ್ಲ, ಹರಕು ಬಟ್ಟೇಲಿ ಬರೂದಕ್ಕಿಂತ ಮನೇಲಿ ಇರೂದೇ ಮೇಲು ಅಂತ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿ ಇವತ್ತು ರಜೆ ಎಂಬಷ್ಟು ಸಲೀಸಾಗಿ ಹೇಳಿದರು.

"ಅಯ್ಯೋ, ಅದು ನಿಮಗೆ ಹೇಳಿದ್ದಲ್ಲ! ನನ್ನ ಮಗಳಿಗೆ, ಅವಳ ಪ್ಯಾಂಟಿಗೆ ಹೇಳಿದ್ದು."

"ಹೌದಾ? ಹೆಸರು ಹೇಳ್ಲಿಲ್ಲಲ್ಲ ನೀವು. ಹರಕು ಅಂದ್ರಿ. ನಾ ನನ್ನ ಮೈ ನೋಡ್ಕಂಡೆ."

"ಮತ್ತೆ ಶನಿವಾರ ಬಂದು ಗುಡಿಸ್ತೀರಿ?"

"ಶನಿವಾರ ಅಲ್ಲಿ ದೇವರೊಬ್ಬನೇ ಇರ್ತಾನೆ ಬಾಯಿ. ಅವನಿಗೆ ನನ್ನ ಬಟ್ಟೆ ಗೊತ್ತದೆ. ಆದಿತ್ಯವಾರ ನೀವೆಲ್ಲ ಇರ್ತೀರಿ."

ಅವರು ಒಳಗೆ ಹೋಗಿ ಚಹಾ ಮಾಡಿ ತಂದರು. ಸೆರಗು ಸರಿದಾಗ ಕಂಡಿತು: ಪೋಲ್ಕದ ತೋಳು ಕಂಕುಳಿನವರೆಗೆ ಬಿಟ್ಟುಹೋಗಿತ್ತು, ಅದನ್ನು ಎರಡು ಪಿನ್ನು ಹಿಡಿದು ನಿಲ್ಲಿಸಿದ್ದವು. ನಾನು ನೋಡಿದ್ದನ್ನು ಅವರೂ ನೋಡಿದರು. "ಇರೂದು ಎರಡು ಪೋಲ್ಕ. ಒಂದರದ್ದು ತೋಳು ಹರದದೆ, ಇನ್ನೊಂದರದ್ದು ಬೆನ್ನು. ಹೊಸದೊಂದು ಹೊಲಿಲಿಕ್ಕೆ ಕೊಟ್ಟು ನಾಕು ತಿಂಗಳಾತು" ಎಂದರು.

"ನಾಲ್ಕು ತಿಂಗಳಾ? ಯಾರ ಹತ್ರ ಕೊಟ್ಟಿದ್ರಿ?" ಎಂದು ಜೋರಾಗಿಯೇ ಕೇಳಿದೆ. ಊರಿನ ಬೇರೆ ಟೇಲರುಗಳ ಬೇಜವಾಬ್ದಾರಿಯ ಬಗ್ಗೆ ನನಗೆ ಮೊದಲಿನಿಂದಲೂ ಸಿಟ್ಟಿದೆ.

ಜುಲಿಯಾನ ಬಾಯಿ ಚಹಾದ ಲೋಟವನ್ನು ನನ್ನ ಕೈಗೆ ಕೊಟ್ಟು ನನ್ನ ಮುಖವನ್ನೇ ನೋಡುತ್ತ ನಿಂತರು.

ಆ ಚಹಾವನ್ನು ಹೇಗೆ ಕುಡಿದೆನೋ ನನಗೇ ಗೊತ್ತು. ಅಂಗಡಿಗೆ ಬಂದು ಗಂಟುಗಳನ್ನೆಲ್ಲ ಕೆಳಗೆ ಹಾಕಿದೆ. ಮದುವೆಯ ಬಟ್ಟೆ, ಸೀಮಂತದ ಬಟ್ಟೆ, ಯಾರದೋ ಅರ್ಜೆಂಟು, ಇನ್ಯಾರದೋ ಅದಕ್ಕಿಂತ ಅರ್ಜೆಂಟು. ಎಲ್ಲಕ್ಕಿಂತ ಅಡಿಯಲ್ಲಿ ಸಿಕ್ಕಿತು: ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ನೀಲಿ ಬಟ್ಟೆ, ಅದಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ನನ್ನದೇ ಅಕ್ಷರ, 'ಜುಲಿಯಾನ ಬಾಯಿ, ಅರ್ಜೆಂಟ್ ಇಲ್ಲ'. ಹಾಗೆಂದು ಅವರು ಹೇಳಿದ್ದರೋ, ನಾನೇ ಬರೆದುಕೊಂಡೆನೋ, ಈಗ ನೆನಪಾಗುವುದಿಲ್ಲ. ನೆನಪಾಗದಿರುವುದೇ ಕ್ಷೇಮ.

ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು ಕೂತಲ್ಲೇ ಕತ್ತರಿಸಿ, ಹೊಲಿದು, ಹುಕ್ಕು ಹಚ್ಚಿ ಮುಗಿಸಿದೆ. ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಾಗ ಶರ್ಲಿ, "ನಾನು ಕೊಟ್ಟು ಬರ್ತೇನಮ್ಮ, ನೀನು ಹೋದ್ರೆ ಮತ್ತೆ ಭಾಷಣ ಮಾಡ್ತೀ" ಎಂದು ಸಂಜೆಗೇ ಸ್ಕೂಟಿಯಲ್ಲಿ ಕೊಂಡುಹೋಗಿ ಕೊಟ್ಟಳು. ಅದೇ ಪ್ಯಾಂಟಿನಲ್ಲೇ ಹೋದಳು. ನಾನು ನೋಡಲಿಲ್ಲ.

ಆ ಆದಿತ್ಯವಾರ ಜುಲಿಯಾನ ಬಾಯಿ ಬಂದರು. ನೀಲಿ ಪೋಲ್ಕ, ಒಗೆದು ಮಡಿ ಮಾಡಿದ ಹಳೆಯ ಸೀರೆ, ಮುಡಿಯಲ್ಲಿ ಎರಡೇ ಎರಡು ಅಬ್ಬಲಿಗೆ. ಪರಮಪ್ರಸಾದಕ್ಕೆ ಸಾಲು ನಿಂತಾಗ ನಾನು ಅವರ ಹಿಂದೆಯೇ ಇದ್ದೆ. ತಲೆ ಬಗ್ಗಿಸಿ ದೇವರಲ್ಲಿ ಕ್ಷಮೆ ಕೇಳಬೇಕೆಂದುಕೊಂಡವಳ ಕಣ್ಣಿಗೆ ಬಿದ್ದದ್ದು ತೋಳು. ಎಡಗಡೆಯದು ಬಲಗಡೆಯದಕ್ಕಿಂತ ಒಂದಿಂಚು ಉದ್ದ! ಪಶ್ಚಾತ್ತಾಪದ ಭರದಲ್ಲಿ ಅಳತೆ ತಪ್ಪಿದ್ದೆ. ಆಮೇಲೆ ಪಾದ್ರಿಗಳು ಏನು ಹೇಳಿದರು, ಯಾವ ಹಾಡು ಹಾಡಿದರು, ಒಂದೂ ನನ್ನ ತಲೆಗೆ ಹೋಗಲಿಲ್ಲ.

ಪೂಜೆ ಮುಗಿದದ್ದೇ ಮೆಟ್ಟಿಲ ಹತ್ತಿರ ಅವರನ್ನು ಹಿಡಿದು ನಿಲ್ಲಿಸಿದೆ. "ಬಾಯಿ, ತೋಳು ಹೆಚ್ಚು ಕಡಿಮೆಯಾಗಿದೆ. ನಾಳೆ ಅಂಗಡಿಗೆ ತಂದುಕೊಡಿ, ಸರಿ ಮಾಡಿ ಕೊಡ್ತೇನೆ."

ಅವರು ತೋಳನ್ನು ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು.

"ಬ್ಯಾಡ ಬಾಯಿ. ನಿಮ್ಮ ಹತ್ರ ಕೊಟ್ರೆ ಮತ್ತೆ ನಾಕು ತಿಂಗಳು ನಾ ಪೂಜೆಗೆ ಬರೂದು ಹ್ಯಾಂಗೆ?" ಎಂದು, ಉದ್ದವಾಗಿದ್ದ ತೋಳನ್ನು ತಾವೇ ಒಂದು ಸುತ್ತು ಮಡಚಿಕೊಂಡು ಮೆಟ್ಟಿಲಿಳಿದು ಹೋದರು.