ಗಣಕಯಂತ್ರಕ್ಕೆ ನಾನು ಕೊಟ್ಟ ವೇಗ

ನಮ್ಮ ಮನೆಯ ಗಣಕಯಂತ್ರಕ್ಕೆ ಹದಿನಾಲ್ಕು ವರ್ಷ. ಒಂದು ಜಾಲಪುಟ ತೆರೆಯುವಾಗ ಅದು ಏದುಸಿರು ಬಿಡುವುದು ಅಡುಗೆಮನೆಗೂ ಕೇಳಿಸುತ್ತಿತ್ತು. ಗಂಗಾವತಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನಗೆ ಇದ್ಯಾವ ದೊಡ್ಡ ಸಮಸ್ಯೆ ಎಂದುಕೊಂಡಿದ್ದೆ.

ನನ್ನ ಹೆಂಡತಿ ಸರೋಜಾ ನಮ್ಮ ಕಡೆಯದೇ ಆದ ಸಿದ್ದಾಪುರದಲ್ಲಿ ಶಿಕ್ಷಕಿ. ಎಂಟು ವರ್ಷದಿಂದ ಬಸ್ಸಿನಲ್ಲಿ ನಿಂತು ಹೋಗಿ, ನಿಂತೇ ಬರುವವಳು. ಈಗ ಗಂಗಾವತಿಗೆ ವರ್ಗಾವಣೆ ಸಿಗುವ ಹಾಗಿತ್ತು. ತನಗೆ ಬೇಕಾದ ಶಾಲೆಗಳ ಪಟ್ಟಿಯನ್ನು ಅಂದು ಸಂಜೆ ಐದರೊಳಗೆ ಜಾಲತಾಣದಲ್ಲಿ ತುಂಬಬೇಕಿತ್ತು. ಅವಳು ರಜೆ ಹಾಕಿ ಕೂತಿದ್ದಳು.

"ಪುಟ ತೆರೀಲಿಕ್ಕೆ ಹತ್ತೈತ್ರಿ. ಅಷ್ಟರಾಗ ನಾಕು ರೊಟ್ಟಿ ಬಡದು ಬರ್ತೀನಿ," ಎಂದು ಎದ್ದಳು.

ನಾನು ಕೂತೆ. ತೆರೆದಿದ್ದ ಇಪ್ಪತ್ತಮೂರು ಪುಟಗಳನ್ನು ಮುಚ್ಚಿದೆ. ಹಳೆಯ ಕಸವನ್ನೆಲ್ಲ ಅಳಿಸುವ ಜಾಗ ಸಿಕ್ಕಿತು. ಅಲ್ಲಿ ಸಾಲಾಗಿ ಚೌಕಗಳಿದ್ದವು. ಯಾವುದಕ್ಕೂ ಅನ್ಯಾಯವಾಗಬಾರದೆಂದು ಎಲ್ಲಕ್ಕೂ ಗುರುತು ಹಾಕಿದೆ. ಭಾರ ಇನ್ನಷ್ಟು ಇಳಿಯಲೆಂದು ಚಿತ್ರಗಳೇ ಬಾರದಂತೆ ಮಾಡಿದೆ. ಈಗ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ನಾನೇ ಬೆಚ್ಚಿಬಿದ್ದೆ.

ಸರೋಜಾ ಕೈ ಒರೆಸಿಕೊಳ್ಳುತ್ತ ಬಂದಳು. "ನನ್ನ ಪಾಸ್‌ವರ್ಡ್ ಎಲ್ಲಿ ಹೋತ್ರಿ?"

"ನಿನಗ ನೆನಪಿಲ್ಲೇನು?"

"ಅದು ತಾನ ತುಂಬಿಕೋತಿತ್ತಲ್ರಿ."

ನಾನು ಗುರುತು ಹಾಕಿದ ಚೌಕಗಳಲ್ಲಿ ಪಾಸ್‌ವರ್ಡುಗಳದೂ ಒಂದಿತ್ತು.

ಹೊಸ ಪಾಸ್‌ವರ್ಡ್ ಪಡೆಯಲು ಹೋದೆವು. 'ಚಿತ್ರದಲ್ಲಿರುವ ಅಕ್ಷರಗಳನ್ನು ಬರೆಯಿರಿ' ಎಂದಿತು. ಅಲ್ಲಿ ಚಿತ್ರವೇ ಇರಲಿಲ್ಲ. ಜಾಲತಾಣವೇ ಕೆಟ್ಟಿದೆ ಎಂದು ತೀರ್ಮಾನಿಸಿ ಸಹಾಯವಾಣಿಗೆ ಕರೆ ಮಾಡಿದೆ. ಸಾರ್ವಜನಿಕ ಸೇವೆಯ ಮಹತ್ವದ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದೆ. ಆ ಕಡೆಯ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, "ಸರ್, ಚಿತ್ರ ಬರದಂಗ ನೀವ ಏನರ ಮಾಡೀರೇನ್ರಿ?" ಎಂದಳು.

ನಾನು ಕರೆ ಕತ್ತರಿಸಿದೆ. ಆದರೆ ಸ್ಪೀಕರ್ ಆನ್ ಇತ್ತು. ಸರೋಜಾ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಚಿತ್ರಗಳನ್ನು ಎಲ್ಲಿ ನಿಲ್ಲಿಸಿದ್ದೆ ಎಂಬುದು ಎಷ್ಟು ತಡಕಾಡಿದರೂ ಸಿಗಲಿಲ್ಲ. ನಾಲ್ಕೂ ಇಪ್ಪತ್ತಾಯಿತು. ಗಾಡಿ ಹತ್ತಿ, ಅರ್ಜಿ ತುಂಬಿಕೊಡುವ ಹುಸೇನಸಾಬರ ಅಂಗಡಿಗೆ ಓಡಿದೆವು. ಅವರ ಗಣಕಯಂತ್ರ ನಮ್ಮದಕ್ಕಿಂತ ಹಳೆಯದು. ಕೀಲಿಮಣೆಯ ಅರ್ಧ ಅಕ್ಷರಗಳು ಅಳಿಸಿಹೋಗಿದ್ದವು. ಪುಟ ಮಾತ್ರ ಸರಾಗವಾಗಿ ತೆರೆಯಿತು; ಅಕ್ಷರಗಳ ಚಿತ್ರವೂ ಬಂತು, ಹೊಸ ಪಾಸ್‌ವರ್ಡೂ ಸಿಕ್ಕಿತು. ಐದಕ್ಕೆ ಎಂಟು ನಿಮಿಷ ಇರುವಾಗ ಪಟ್ಟಿ ಸಲ್ಲಿಕೆಯಾಯಿತು.

ಜೀವ ಬಂದವನಂತೆ ಕೇಳಿದೆ: "ಇದನ್ನ ಇಷ್ಟು ಛಲೋ ಹೆಂಗ ಇಟ್ಟೀರಿ ಸಾಹೇಬರ?"

"ನನಗ ಇದರ ಒಳಗಿಂದು ಏನೂ ತಿಳ್ಯಂಗಿಲ್ರಿ ಸರ್," ಎಂದರು ಹುಸೇನಸಾಬರು. "ಅದಕ್ಕ ಕೈ ಹಚ್ಚಾಕ ಹೋಗಿಲ್ಲ."

ಅವರು ಮುದ್ರಿತ ಪ್ರತಿಯನ್ನು ನನ್ನತ್ತ ಚಾಚಿದರು. ಸರೋಜಾ ನಡುವೆಯೇ ಇಸಿದುಕೊಂಡು ಚೀಲಕ್ಕೆ ಹಾಕಿಕೊಂಡಳು. ನಾನು ಗಾಡಿ ತೆಗೆಯಲು ಹೊರಗೆ ನಡೆದೆ. ಆ ಕೆಲಸವೊಂದನ್ನು ನನಗೆ ಬಿಟ್ಟಿದ್ದರು.