ಏಳುವುದಕ್ಕೂ ಪುರಸೊತ್ತು ಬೇಕು

ತಾಳ್ಮೆಯ ವಿಷಯದಲ್ಲಿ ನಾನು ತೀರ ಬಡವ. ಚಹಾ ಕುದಿಯುವ ಮೊದಲೇ ಸೋಸಲು ಹೋಗಿ ಹೆಂಡತಿಯಿಂದ ಬೈಸಿಕೊಳ್ಳುವವನು. ಇಂಥವನ ಪಾಲಿಗೆ ಬಂದದ್ದು ಜಾವಾ ಎಂಬ ಕಂಪ್ಯೂಟರ್ ಭಾಷೆ. ಬೈಲಹೊಂಗಲದ ಮನೆಯಲ್ಲೇ ಕುಳಿತು ಪುಣೆಯ ಕಂಪನಿಗೆ ದುಡಿಯುವ ನಾನು, ಒಂದು ಕಣ್ಣಿನ ಆಸ್ಪತ್ರೆಯ ರೋಗಿಗಳಿಗೆ ಟೋಕನ್ ಕೊಡುವ ಜಾವಾ ಪ್ರೋಗ್ರಾಂ ನಡೆಸಬೇಕಿತ್ತು. ಈಗ ಇಂಥವನ್ನೆಲ್ಲ ಕಂಟೇನರ್ ಎಂಬ ಡಬ್ಬಿಯಲ್ಲಿಡುತ್ತಾರೆ. ಡಬ್ಬಿಗಳ ಮೇಲೆ ಕುಬರ್ನೆಟೀಸ್ ಎಂಬ ಸಾಫ್ಟ್‌ವೇರ್ ಮೇಸ್ತ್ರಿ. ಅವನು ಆಗಾಗ ಡಬ್ಬಿಯನ್ನು ಇದ್ದೀಯೋ ಇಲ್ಲವೋ ಎಂದು ಕೇಳುತ್ತಾನೆ. ಉತ್ತರ ಬಾರದಿದ್ದರೆ ಸತ್ತಿತೆಂದು ತಿಳಿದು, ಕೆಡವಿ, ಮೊದಲಿನಿಂದ ಶುರು ಮಾಡುತ್ತಾನೆ.

ನನ್ನ ಪ್ರೋಗ್ರಾಂ ಶುರುವಾಗುತ್ತಿತ್ತು, ಸಾಯುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಮೆಮೊರಿ ಹೆಚ್ಚಿಸಿದೆ, ಜಾವಾಕ್ಕೆ ಶಾಪ ಹಾಕಿದೆ, ಒಮ್ಮೆ ವಿನಾಕಾರಣ ಫ್ಯಾನು ಆರಿಸಿದೆ. ಸೋಮವಾರ ಆಸ್ಪತ್ರೆಯಲ್ಲಿ ಇದು ನಡೆಯದಿದ್ದರೆ ಮನೆಯಿಂದ ಕೆಲಸ ಮಾಡಿದ್ದು ಸಾಕು, ಪುಣೆಗೆ ಬನ್ನಿ ಎಂದು ಸಾಹೇಬರು ತಣ್ಣಗೆ ಹೇಳಿದ್ದರು. ಮಗಳನ್ನು ಇಲ್ಲಿಯ ಶಾಲೆಗೆ ಆಗಷ್ಟೇ ಸೇರಿಸಿದ್ದೆವು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ತಲೆ ಕೆಟ್ಟಾಗ ನಾನು ಕಟಕೋಳದ ದೊಡ್ಡವ್ವನಿಗೆ, ಅಂದರೆ ಅವ್ವನ ಅಕ್ಕನಿಗೆ, ಫೋನ್ ಹಚ್ಚುತ್ತೇನೆ. ಅಂದು ಎತ್ತಲಿಲ್ಲ. ಕಟ್ ಮಾಡಿ ಮತ್ತೆ ಹಚ್ಚಿದೆ. ಮತ್ತೆ, ಮತ್ತೆ. ಮನೆಮಂದಿಯೆಲ್ಲ ಹೊಲದಲ್ಲಿರುವ ಹೊತ್ತು. ಎಲ್ಲಿ ಬಿದ್ದಳೋ ಎಂದು ಜೀವ ಹಾರಿತು. ಅಂತೂ ಎತ್ತಿದಳು, ಏದುಸಿರು ಬಿಡುತ್ತ.

"ರೇಂಜ್ ಬರೂದ ಬಾಗಲ ಕಡೆ, ಫೋನ ಅಲ್ಲೇ ಐತಿ. ಮೊಣಕಾಲ ಹಿಡಕೊಂಡ ಹೊರಸಿನಿಂದ ಎದ್ದ ಅರ್ಧಾ ದಾರಿ ಬರೂದ್ರಾಗ ನೀ ಬಂದ್ ಮಾಡ್ತಿ. ತಿರುಗಿ ಹೋಗಿ ಕುಂದರತೇನಿ, ಮತ್ತ ಹಚ್ಚತಿ. ಬರಾಕ ಪುರಸೊತ್ತ ಕೊಡ್ತಿಯೋ ಇಲ್ಲೋ?"

ನಾನು ಮೆಲ್ಲಗೆ ಕಂಪ್ಯೂಟರಿನತ್ತ ನೋಡಿದೆ. ಅದರದೂ ಇದೇ ಗೋಳು. ಪಾಪದ ಜಾವಾ ತನ್ನ ಸಾಮಾನೆಲ್ಲ ಕೂಡಿಸಿಕೊಂಡು ಏಳುವಷ್ಟರಲ್ಲಿ ಮೇಸ್ತ್ರಿ ಕೂಗಿ ಕೂಗಿ ಕೆಡವುತ್ತಿದ್ದ. ಎಷ್ಟು ಹೊತ್ತು ಕಾಯಬೇಕೆಂದು ಅವನಿಗೆ ಹೇಳಿಕೊಟ್ಟವನು ನಾನೇ. ಆ ಹೊತ್ತನ್ನು ಧಾರಾಳವಾಗಿ ಹೆಚ್ಚಿಸಿದೆ. ಪ್ರೋಗ್ರಾಂ ನಿಧಾನವಾಗಿ ಎದ್ದು ಉತ್ತರ ಕೊಟ್ಟಿತು. ಸೋಮವಾರ ಟೋಕನ್‌ಗಳು ಸುಸೂತ್ರವಾಗಿ ಬಂದವು, ಪುಣೆಯ ಮಾತು ಅಲ್ಲಿಗೇ ನಿಂತಿತು.

ಅಂದು ಸಂಜೆ ದೊಡ್ಡವ್ವನಿಗೆ ಫೋನ್ ಹಚ್ಚಿ, ಏನಾದರಾಗಲಿ ಕಟ್ ಮಾಡಬಾರದೆಂದು ಕೈಕಟ್ಟಿ ಕುಳಿತೆ. ಇನ್ನೇನು ರಿಂಗು ನಿಲ್ಲಬೇಕು, ಆಗ ಎತ್ತಿದಳು. ಎತ್ತಿದವಳೇ ಗಾಬರಿಯಿಂದ, ನೌಕರಿ ಹೋಯಿತೇನೆಂದು ಕೇಳಿದಳು. ನಾನು ಇಷ್ಟು ಹೊತ್ತು ಕಾಯುತ್ತೇನೆಂದರೆ ಅವಳಿಗೆ ಬೇರೆ ಕಾರಣವೇ ಹೊಳೆದಿರಲಿಲ್ಲ. ಇಲ್ಲ, ನೌಕರಿ ಗಟ್ಟಿಯಾಗಿದೆ ಎಂದು ಪರಿಪರಿಯಾಗಿ ಹೇಳಿದರೂ ನಂಬಲಿಲ್ಲ.

"ಇರ್ಲಿ ಬಿಡಪಾ, ಚಿಂತಿ ಮಾಡಬ್ಯಾಡ," ಎಂದಳು. "ಇಲ್ಲೆ ಹೊಲ ಐತಿ, ಬಾ."