ವಿಮಾನ ಇಳಿದ ಗಾದಿ ಮನ್ಸೂರಅಲಿ

ಶಹಾಪುರದಲ್ಲಿ ಗಾದಿ ಅಂಗಡಿ ಇಟ್ಟಿದ್ದ ಮನ್ಸೂರಅಲಿಯ ಫಜೀತಿಗೆ ಕಾರಣ ವಿಮಾನವಲ್ಲ, ಟೇಲರ್ ಮುಜಫರನ ಒಂದು ಮಾತು.

ದಿಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಮಗಳು ಗುಲ್ನಾಜ್ ಗಂಡುಮಗುವನ್ನು ಹೆತ್ತಿದ್ದಳು. ಅಪ್ಪ ಅಮ್ಮ ಇಬ್ಬರಿಗೂ ಹೈದರಾಬಾದಿನಿಂದ ವಿಮಾನದ ಟಿಕೆಟ್ ತೆಗೆಸಿ ಮೊಬೈಲಿಗೆ ಕಳಿಸಿದ್ದಳು. ಯಾದಗಿರಿ ಸ್ಟೇಷನ್ನಿನಲ್ಲಿ ಹತ್ತಿ ಮಲಗಿದರೆ ದಿಲ್ಲಿಯಲ್ಲಿ ಎಬ್ಬಿಸುವ ರೈಲು ಇರುವಾಗ ನೆಲ ಬಿಟ್ಟು ಹೋಗುವ ಹುಚ್ಚು ಯಾಕೆ ಎಂದು ಮನ್ಸೂರಅಲಿ ಹಠ ಹಿಡಿದ. "ಕೂಸು ನಡ್ಯಾಕ ಕಲಿಯೋದ್ರಾಗ ಮುಟ್ಟತೀವಿ ಬಿಡ್ರಿ" ಎಂದು ಹೆಂಡತಿ ಖಾಜಾಬೀ ಆ ವಾದವನ್ನು ಅಲ್ಲಿಗೇ ಮುಗಿಸಿದಳು.

ಹೊರಡುವ ದಿನ ಬೆಳಿಗ್ಗೆ ಬಾಡಿಗೆ ಕಾರಿನ ಸುತ್ತ ಓಣಿಗೆ ಓಣಿಯೇ ನೆರೆಯಿತು. ಹಿಟ್ಟಿನ ಗಿರಣಿಯ ಮೌನಮ್ಮ ಕಿಟಕಿಯೊಳಗೆ ತಲೆ ತೂರಿಸಿ, "ಮನ್ಸೂರಣ್ಣ, ಹಿಂದಿನ ಸೀಟಿಗೆ ಕುಂದರಬ್ಯಾಡ, ಭಾಳ ಎಗರಸ್ತದ" ಎಂದಳು. ಆಕೆ ಹತ್ತಿದ್ದು ಸುರಪುರದ ಬಸ್ಸು ಮಾತ್ರ. ಅಷ್ಟರಲ್ಲಿ ಮುಜಫರ ಎಲ್ಲರನ್ನೂ ಸರಿಸಿ ಮುಂದೆ ಬಂದ. ಹಿಂದೊಮ್ಮೆ ದುಬೈಗೆ ಹೋಗಿ ಬಂದವನಾದ್ದರಿಂದ ಓಣಿಯ ಮಟ್ಟಿಗೆ ಆಕಾಶವೆಲ್ಲ ಅವನದೇ.

"ಯಾರ ಮಾತೂ ಕೇಳಬ್ಯಾಡ್ರಿ ಮನ್ಸೂರ್ ಭಾಯಿ. ವಿಮಾನದಾಗ ಕುಂತ ಮ್ಯಾಲ ಕಣ್ಣ ಮುಚ್ಚಿ ನಿಮ್ಮ ಎದಿ ಏನ್ ಹೇಳ್ತದ ಕೇಳ್ರಿ. ಬ್ಯಾಡ ಅಂತಂದ್ರ ಇಳದುಬಿಡ್ರಿ. ದುಬೈನಾಗ ನಮ್ಮ ರೂಮಿನಾವ ಒಬ್ಬ ಹಂಗೇ ಇಳದ."

"ಆ ವಿಮಾನಕ್ಕ ಏನಾತು?"

"ಅದು ಚಲೋತ್ನಾಗಿ ಮುಟ್ಟಿತು. ಆದ್ರ ಅವಗೂ ಏನೂ ಆಗಲಿಲ್ಲ ನೋಡ್ರಿ."

ತೊಂದರೆಯೇನೆಂದರೆ, ಮನ್ಸೂರಅಲಿಯ ಎದೆ ಎಂದೂ ಬಾಯಿ ಮುಚ್ಚಿಕೊಂಡು ಕೂತ ಎದೆಯಲ್ಲ. ಗ್ಯಾಸ್ ಸಿಲಿಂಡರ್ ಬದಲಿಸುವಾಗ ಅದು ಬೇಡ ಎನ್ನುತ್ತಿತ್ತು. ಲಿಫ್ಟಿನ ಮುಂದೆ ನಿಂತರೆ ಬೇಡ ಎನ್ನುತ್ತಿತ್ತು. ಇಷ್ಟು ದಿನ ಜನ ಅದನ್ನು ಅಂಜುಬುರುಕತನ ಎಂದು ಕರೆಯುತ್ತಿದ್ದರು. ಮುಜಫರ ಅದಕ್ಕೊಂದು ಮರ್ಯಾದೆಯ ಹೆಸರು ಕೊಟ್ಟಿದ್ದ. ಗುರುಮಠಕಲ್ ದಾಟುವ ಹೊತ್ತಿಗೆ ಮನ್ಸೂರಅಲಿಗೆ ತನ್ನ ಎದೆಯ ಮೇಲೆ ಎಂದಿಲ್ಲದ ಗೌರವ ಹುಟ್ಟಿತ್ತು.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಆ ಎದೆಗೆ ಪುರುಸೊತ್ತೇ ಸಿಗಲಿಲ್ಲ. ತಾನಾಗಿ ಓಡುವ ಮೆಟ್ಟಿಲು ಕಂಡು ಬೇಡ ಎಂದಿತು. ತಪಾಸಣೆಯ ಬಾಗಿಲು ಕೀಂ ಎಂದಾಗ ಬೇಡವೇ ಬೇಡ ಎಂದಿತು. ಮೊಮ್ಮಗನಿಗಾಗಿ ತಾನೇ ಹತ್ತಿ ತುಂಬಿ ಹೊಲಿದಿದ್ದ ಪುಟ್ಟ ಗಾದಿಯ ಗಂಟು ಬೆಲ್ಟಿನ ಮೇಲೆ ಮಲಗಿ ಕತ್ತಲೆಯೊಳಗೆ ಹೋದಾಗಲಂತೂ ಅದು ಅತ್ತೇ ಬಿಟ್ಟಿತು.

ವಿಮಾನದಲ್ಲಿ ಅವನಿಗೆ ಸಿಕ್ಕದ್ದು ರೆಕ್ಕೆಯ ಪಕ್ಕದ ಕಿಟಕಿ. ನಡುವೆ ಖಾಜಾಬೀ, ಆಚೆ ಯಾದಗಿರಿಯ ಬೀಜದ ವ್ಯಾಪಾರಿ ಸಾಯಿಕುಮಾರ. ನಮ್ಮ ಕಡೆಯವರು ಸಿಕ್ಕರೆಂದು ಅವನಿಗೆ ಖುಷಿಯೋ ಖುಷಿ. ಮನ್ಸೂರಅಲಿ ಹೊರಗೆ ನೋಡುತ್ತಿದ್ದಂತೆ ರೆಕ್ಕೆಯ ಹಿಂಬದಿಯ ತಗಡು ಮೆಲ್ಲಗೆ ಕೆಳಗಿಳಿಯಿತು.

"ರೆಕ್ಕಿ ಬಿಚ್ಚಾಕತ್ಯಾದ" ಎಂದ.

"ಅದು ಹಂಗೇ ಬಿಚ್ಚತದ್ರಿ ಚಾಚಾ" ಎಂದ ಸಾಯಿಕುಮಾರ.

"ಹಂಗೇ ಬಿಚ್ಚತದಂತನ ನಾ ಅಂಜಾಕತ್ತೀನಿ."

ಮನಸ್ಸು ಬೇರೆ ಕಡೆ ಹರಿಯಲೆಂದು ಎದುರಿನ ಚೀಲದಲ್ಲಿದ್ದ ಕಾಗದ ತೆಗೆದು ನೋಡಿದ. ಅದರ ತುಂಬ ವಿಮಾನ ನೀರಿಗೆ ಬಿದ್ದ ಚಿತ್ರಗಳು. ಜನ ಜಾಕೀಟು ತೊಟ್ಟು ಜಾರುಬಂಡೆಯಿಂದ ಜಾರುತ್ತಿದ್ದರು. "ನೋಡಿಲ್ಲಿ, ಇವರಿಗೇ ಭರವಸಾ ಇಲ್ಲ. ನಾ ಗಾದಿ ಮಾರೋವಾಗ, ಇದು ಹರದ್ರ ಹಿಂಗ ಮಾಡ್ರಿ ಅಂತ ಚಿತ್ರ ಬರದು ಕೊಡತೀನೇನು?" ಎಂದು ಹೆಂಡತಿಯನ್ನು ಕೇಳಿದ.

ಖಾಜಾಬೀ ಕಾಗದ ಕಸಿದುಕೊಂಡು ಚೀಲದಲ್ಲಿ ತುರುಕಿದಳು. ಮನ್ಸೂರಅಲಿ ಕಣ್ಣು ಮುಚ್ಚಿದ. ಎದೆ ಹತ್ತಿ ಹಿಂಜುವ ಯಂತ್ರದಂತೆ ದಡದಡ ಎನ್ನುತ್ತಿತ್ತು. ಅದರಲ್ಲಿ ಅವನಿಗೆ ಒಂದೇ ಶಬ್ದ ಸ್ಪಷ್ಟವಾಗಿ ಕೇಳಿಸಿತು. ವಿಮಾನದ ಬಾಗಿಲು ಇನ್ನೇನು ಹಾಕಬೇಕು, ಅವನು ಎದ್ದು ನಿಂತು, "ನನಗ ಇಳಸ್ರಿ" ಎಂದ.

ಗಗನಸಖಿ ಹಿಂದಿಯಲ್ಲಿ ಸಮಾಧಾನ ಹೇಳಿದಳು. ನೀರು ಕೊಟ್ಟಳು. ಅವನು ನೀರು ಕುಡಿದು ಮತ್ತೆ ಅದನ್ನೇ ಹೇಳಿದ. ಖಾಜಾಬೀ ಮಾತ್ರ ಸೀಟಿನ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡಿಕೊಂಡು, "ನೀವು ಇಳೀರಿ. ನಾ ಮಮ್ಮಗನ್ನ ನೋಡಾಕ ಹೋಗ್ತೀನಿ" ಎಂದಳು.

ಇಳಿಯುವುದು ಅವನೊಬ್ಬನ ಕೆಲಸವಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಮನುಷ್ಯ ಇಳಿದರೆ ಅವನ ಗಂಟೂ ಇಳಿಯಬೇಕೆಂಬುದು ನಿಯಮ. ವಿಮಾನದ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಅಡಿಯಲ್ಲಿದ್ದ ಗಾದಿಯ ಗಂಟನ್ನು ಹುಡುಕಲು ಮಿಕ್ಕವರ ಸಾಮಾನನ್ನೆಲ್ಲ ಹೊರಗೆ ಹಾಕಬೇಕಾಯಿತು. ಒಳಗೆ ಕುಳಿತವರು ಸೆಕೆಯಲ್ಲಿ ಬೆಂದರು. ತೆಲುಗು, ಹಿಂದಿ, ಕನ್ನಡ ಮೂರೂ ಭಾಷೆಗಳಲ್ಲಿ ಮನ್ಸೂರಅಲಿಗೆ ಬೈಗುಳ ಬಿದ್ದವು. "ಚಾಚಾ, ನೀವು ನಮ್ಮ ಜಿಲ್ಲಾದವರು ಅಂತ ಯಾರ ಮುಂದೂ ಹೇಳಬ್ಯಾಡ್ರಿ" ಎಂದು ಸಾಯಿಕುಮಾರ ಮುಖ ತಿರುಗಿಸಿದ. ತಲೆ ತಗ್ಗಿಸಿಕೊಂಡು ಇಳಿದ ಮನ್ಸೂರಅಲಿ ಕಾಯುವ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕುಳಿತು, ಇನ್ನು ರೈಲಿಗೆ ಹೋಗಿ ಖಾಜಾಬೀಗೆ ಯಾವ ಮುಖ ತೋರಿಸಲಿ ಎಂದು ಚಿಂತಿಸತೊಡಗಿದ.

ಸ್ವಲ್ಪ ಹೊತ್ತಿನಲ್ಲಿ ವಿಮಾನದಲ್ಲಿದ್ದವರೆಲ್ಲ ಸಾಲಾಗಿ ಅದೇ ಕೋಣೆಗೆ ಬಂದರು. ಹೊಡೆಯಲು ಬಂದರೆಂದುಕೊಂಡು ಅವನು ಎದ್ದು ಕುರ್ಚಿಯ ಹಿಂದೆ ನಿಂತ. ಮುಂದೆ ಓಡಿ ಬಂದ ಸಾಯಿಕುಮಾರ ಅವನ ಎರಡೂ ಕೈ ಹಿಡಿದುಕೊಂಡ.

"ಚಾಚಾ, ಗಾಲಿ ಹತ್ರ ಎಣ್ಣಿ ಸೋರ್ಯಾದ್ರಿ. ನೆಲದ ಮ್ಯಾಲ ಎಣ್ಣಿ ನೋಡಿ ಎಂಜಿನಿಯರ್ ಬಂದಾರ. ಪೂರಾ ತಪಾಸ್ ಮಾಡೋತನಕ ಆ ವಿಮಾನ ಹಾರಂಗಿಲ್ಲಂತ. ನೀವು ಇಳೀದಿದ್ರ ನಾವೆಲ್ಲ ಈ ಹೊತ್ತಿಗೆ ಮ್ಯಾಲ ಇರ್ತಿದ್ದಿವಿ."

ಬೈದ ಬಾಯಿಗಳೆಲ್ಲ ಈಗ ಅವನಿಗೆ ಬಿಸ್ಕತ್ತು ತಿನ್ನಿಸಲು ನಿಂತವು. ಒಬ್ಬ ಮುದುಕಿ ಅವನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಇನ್ನೊಬ್ಬ ಪಕ್ಕಕ್ಕೆ ಕರೆದು, ಮಗಳಿಗೆ ಬಂದ ಸಂಬಂಧದ ವಿಷಯದಲ್ಲಿ ಎದೆ ಏನು ಹೇಳುತ್ತದೆಂದು ಕೇಳಿದ. ಸಾಯಿಕುಮಾರ ಅವನ ಹೆಗಲ ಮೇಲೆ ಕೈ ಹಾಕಿ ವಿಡಿಯೊ ಮಾಡಿ, "ಇವರು ನಮ್ಮ ಯಾದಗಿರಿ ಜಿಲ್ಲಾದವರು" ಎಂದು ಊರಿಗೆಲ್ಲ ಹಂಚಿದ. ಅದು ಶಹಾಪುರಕ್ಕೆ ಮುಟ್ಟಿದ ಕೂಡಲೇ ಮುಜಫರನ ಫೋನು ಬಂತು. "ಆ ಮಾತು ಹೇಳಿಕೊಟ್ಟಾವ ನಾನು ಅಂತ ಇನ್ನೊಂದು ವಿಡಿಯೊದಾಗ ಹೇಳಿಬಿಡ್ರಿ ಭಾಯಿ."

ಖಾಜಾಬೀ ಮಾತ್ರ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮನಿಯಾಗ ಹಾಲು ಉಕ್ಕಿದ್ರ ತಿಳ್ಯಂಗಿಲ್ಲ. ವಿಮಾನದ ಎಣ್ಣಿ ಹೆಂಗ ತಿಳೀತು?" ಎಂದು ಕೇಳಿದಳು. ಆದರೂ ಬದುಕಿನಲ್ಲಿ ಮೊದಲ ಸಲ ಅವನ ಎದೆ ಎರಡು ಬೆರಳು ಉಬ್ಬಿತ್ತು.

ಸಂಜೆಯ ಹೊತ್ತಿಗೆ ಇನ್ನೊಂದು ವಿಮಾನ ಬಂದು ನಿಂತಿತು. ಮನ್ಸೂರಅಲಿ ಹೆಂಡತಿಯ ಕಿವಿಯಲ್ಲಿ, ನಡಿ, ರೈಲಿಗೆ ಹೋಗೋಣ ಎಂದು ಪಿಸುಗುಟ್ಟುವಷ್ಟರಲ್ಲಿ ಜನ ಕೂಗು ಎಬ್ಬಿಸಿದರು. ಚಾಚಾ ಹತ್ತಿದರೆ ಮಾತ್ರ ನಾವು ಹತ್ತುತ್ತೇವೆ. ಕಂಪನಿಯ ಮ್ಯಾನೇಜರು ಬಂದು ಕೈ ಮುಗಿದ. ಅಷ್ಟು ಜನರ ಕಣ್ಣು ಅವನ ಎದೆಯ ಮೇಲೆ ನೆಟ್ಟಿತ್ತು. ಒಳಗೆ ಅದು ಬ್ಯಾಡ ಬ್ಯಾಡ ಎಂದು ಬಡಿದುಕೊಳ್ಳುತ್ತಲೇ ಇತ್ತು. ಆದರೆ ಹಾಗೆಂದರೆ ಯಾರೂ ಊರು ಮುಟ್ಟುವುದಿಲ್ಲ, ಮೊಮ್ಮಗನ ಮುಖ ಕಾಣದ ಖಾಜಾಬೀ ತನ್ನನ್ನು ಉಳಿಸುವುದಿಲ್ಲ.

ಅವನು ವಿಮಾನದ ಬಾಗಿಲಿಗೆ ಹೋಗಿ, ಗಿರಾಕಿಗಳ ಮುಂದೆ ಗಾದಿ ತಟ್ಟಿ ತೋರಿಸುವಂತೆ ಅದರ ಬದಿಯನ್ನು ಎರಡು ಸಲ ತಟ್ಟಿದ. "ಗಟ್ಟಿ ಅದ" ಎಂದ. ಜನ ಚಪ್ಪಾಳೆ ಹೊಡೆದು ಹತ್ತಿದರು. ಇಳಿಸಿದ್ದ ಗಾದಿಯ ಗಂಟೂ ಮಿಕ್ಕವರ ಸಾಮಾನಿನ ಜೊತೆ ಹೊಸ ವಿಮಾನದ ಹೊಟ್ಟೆ ಸೇರಿತು.

ಮೇಲೇರಿದ ನಂತರವೇ ಅವನಿಗೆ ನಿಜವಾದ ಶಿಕ್ಷೆ ಗೊತ್ತಾದದ್ದು. ಮೋಡದಲ್ಲಿ ವಿಮಾನ ಒಂದಿಷ್ಟು ಕುಲುಕಿದರೆ ಸಾಕು, ವಿಮಾನದ ತುಂಬ ತಲೆಗಳು ಹೊರಳಿ ಅವನ ಮುಖವನ್ನೇ ನೋಡುತ್ತಿದ್ದವು. ಅಂಜುವ ಹಕ್ಕೂ ಅವನಿಗೆ ಉಳಿಯಲಿಲ್ಲ. ಹಾಗಾಗಿ ದಿಲ್ಲಿಯವರೆಗೂ ಫೋಟೋಕ್ಕೆ ಕುಳಿತ ಮದುಮಗನಂತೆ ಹಲ್ಲು ಕಿರಿದುಕೊಂಡೇ ಇದ್ದ. ಇಳಿದಾಗ ದವಡೆ ಸೆಟೆದು ಬಾಯಿ ಮುಚ್ಚಲು ಬರುತ್ತಿರಲಿಲ್ಲ.

"ಇನ್ನ ಸಾಯೋತನಕ ವಿಮಾನದ ನೆರಳಿಗೂ ನಿಂದ್ರಂಗಿಲ್ಲ" ಎಂದು ಗಂಟಿನ ಬೆಲ್ಟಿನ ಮುಂದೆ ನಿಂತು ಖಾಜಾಬೀಗೆ ಹೇಳಿದ. ಅಷ್ಟರಲ್ಲಿ ಗಾದಿಯ ಗಂಟು ತೇಲಿಕೊಂಡು ಬಂತು. ಎತ್ತಲು ಕೈ ಹಾಕಿದರೆ ಸಾಬೂನಿನಂತೆ ಜಾರಿತು. ಮೇಲುಹೊದಿಕೆಯ ಬಿಳಿ ಖೋಳು ಹಳದಿಯಾಗಿ, ಮೂಲೆಯಿಂದ ಅಂಟಂಟಾಗಿ ಏನೋ ತೊಟ್ಟಿಕ್ಕುತ್ತಿತ್ತು. ಮನ್ಸೂರಅಲಿ ಬೆರಳು ಮೂಸಿ ನೋಡಿದ.

"ಇದೇನ ಇದು?"

ಖಾಜಾಬೀ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಔಡಲೆಣ್ಣಿ. ಕೂಸಿಗೆ ಮೈ ತಿಕ್ಕಾಕ ಗಾಣದಾಗಿಂದ ತರಸಿದ್ದೆ. ನಿಮಗ ಹೇಳಿದ್ರ ವಿಮಾನಕ್ಕ ಬೆಂಕಿ ಹತ್ತತದ ಅಂತಿದ್ರಿ. ಅದಕ್ಕ ಗಾದಿ ಹೊಟ್ಟಿ ಬಿಚ್ಚಿ ಡಬ್ಬಿ ಒಳಗ ಇಟ್ಟು ಹೊಲದೆ. ನಿಮ್ಮ ಗಂಟು ಹುಡುಕಿ ಇಳಸೋವಾಗ ಗಾಲಿ ಬಾಜೂಕ ದಪ್ಪನ ಒಗದ್ರು. ನಾ ಕಿಟಕಿಯಾಗಿಂದ ನೋಡಿದ್ನಿ."

"ಹಂಗಾದ್ರ ಆ ಎಣ್ಣಿ..."

"ನಮ್ಮದ."

ಮನ್ಸೂರಅಲಿ ಸುತ್ತ ನೋಡಿದ. ಆಚೆ ನಿಂತಿದ್ದ ಸಾಯಿಕುಮಾರ ಯಾರಿಗೋ ಅವನನ್ನು ಬೆರಳು ಮಾಡಿ ತೋರಿಸುತ್ತಿದ್ದ. ಮುದುಕಿ ದೂರದಿಂದಲೇ ಕೈ ಮುಗಿದಳು. ಅವನು ಗಂಟನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುವಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮೌನಮ್ಮ.

"ಮನ್ಸೂರಣ್ಣ, ನಾವು ಓಣಿ ಹೆಣ್ಮಕ್ಕಳೆಲ್ಲ ಕಾಶಿಗೆ ಹೊಂಟೀವಿ. ವಿಮಾನ ಅಂದ್ರ ಅಂಜಿಕಿ ಅಂತ ಇಷ್ಟ ವರ್ಷ ಸುಮ್ಮನಿದ್ದಿವಿ. ಈಗ ನೀ ಅದೀಯಲ್ಲ. ನಿನ್ನ ಸೀಟೂ ತೆಗಸಾಕತ್ತೀವಿ. ನೀ ಬರದಿದ್ರ ಯಾರೂ ಹೋಗಂಗಿಲ್ಲ."

ಮನ್ಸೂರಅಲಿ ನಿಜ ಹೇಳಲು ಬಾಯಿ ತೆರೆದ. ಖಾಜಾಬೀ ಅವನ ಕೈ ಚಿವುಟಿ, ಬಾಗಿಲ ಬಳಿ ನಿಂತಿದ್ದ ಪೊಲೀಸನ ಕಡೆ ಕಣ್ಣು ಮಾಡಿದಳು. ಅವನು ಬಾಯಿ ಮುಚ್ಚಿದ. ಮತ್ತೆ ತೆರೆದು, "ಮೌನಮ್ಮಕ್ಕ, ನನ್ನ ಎದಿ ಈಗ ಏನೂ ಹೇಳವಲ್ಲದವ್ವ" ಎಂದ.

ಆ ಕಡೆ ಮೌನಮ್ಮ ಫೋನು ದೂರ ಹಿಡಿದು ಹೆಂಗಸರಿಗೆ ಹೇಳುವುದು ಕೇಳಿಸಿತು. "ಎದಿ ಸುಮ್ಮ ಅದಂತ. ಅಂದ್ರ ಎಲ್ಲಾ ಚಲೋ ಅದ. ಟಿಕೆಟ್ ತೆಗಸ್ರಿ."